ಟ್ಯೂಬ್ ಹಾಕೋದು ಕಲಿಸ್ತಾರೆ, ಆಮೇಲಿನದ್ದು ಯಾರು ಕಲಿಸ್ತಾರೆ?

ಸ್ಟ್ರೋಕ್ ಆಗಿ ನುಂಗೋಕೆ ಆಗದೆ ಮೂಗಲ್ಲಿ ರೈಲ್ಸ್ ಟ್ಯೂಬ್ (ಮೂಗಿಂದ ಹೊಟ್ಟೆ ತನಕ ಇಳಿಸೋ ಕೊಳವೆ) ಹಾಕಿಸ್ಕೊಂಡಿರೋ ಪೇಷಂಟನ್ನ ನಮ್ಮ ಕಡೆ ಡಿಸ್ಚಾರ್ಜ್ ಮಾಡುವಾಗ ಸಾಮಾನ್ಯವಾಗಿ ಏನಾಗತ್ತೆ ಅಂದ್ರೆ, ಬಿಲ್ ಎಲ್ಲ ಕಟ್ಟಿ ಬಂದ ಮೇಲೆ ಸಿಸ್ಟರ್ ಒಬ್ರು ಮಗಳನ್ನೋ ಸೊಸೆಯನ್ನೋ ಕರೆದು ದೊಡ್ಡ ಸಿರಿಂಜ್ ಕೈಗೆ ಕೊಟ್ಟು "ನೋಡಿ ಅಮ್ಮಾ, ಹೀಗೆ ಹಾಕ್ಬೇಕು, ತಲೆ ಎತ್ತರಕ್ಕೆ ಇಡಿ, ಎರಡು ಗಂಟೆಗೊಂದ್ಸಲ ಕೊಡಿ, ಕೊನೇಲಿ ಸ್ವಲ್ಪ ನೀರು ಬಿಡಿ" ಅಂತ ಹೇಳ್ತಾರೆ. ಅಷ್ಟೇ ಟ್ರೈನಿಂಗ್. ಆಂಬುಲೆನ್ಸ್ ಹೊರಗಡೆ ಕಾಯ್ತಿರತ್ತೆ, ಆ ಹೆಣ್ಮಗಳಿಗೆ ಕೇಳೋಕೆ ನೂರು ಪ್ರಶ್ನೆ ಇರತ್ತೆ ಆದ್ರೆ ಯಾವುದು ಮೊದಲು ಕೇಳ್ಬೇಕು ಅಂತ ಗೊತ್ತಾಗಲ್ಲ, ಸಿಸ್ಟರಿಗೂ ಇನ್ನೊಂದು ಬೆಡ್ಡಿಂದ ಕರೆ ಬಂದಿರತ್ತೆ. ಇದ್ರಲ್ಲಿ ಸಿಸ್ಟರ್ ತಪ್ಪು ಅಂತ ನಾನು ಹೇಳ್ತಿಲ್ಲ. ಅವರಿಗೂ ಯಾರೂ ಇದನ್ನ ಸರಿಯಾಗಿ ಕಲಿಸಿರಲ್ಲ ಅನ್ನೋದೇ ವಿಷಯ.

ನರ್ಸಿಂಗ್ ಆಗ್ಲಿ ಎಂಬಿಬಿಎಸ್ ಆಗ್ಲಿ, ರೈಲ್ಸ್ ಟ್ಯೂಬ್ ಹಾಕೋದು ಸಿಲಬಸ್ಸಲ್ಲಿ ಇದ್ದೇ ಇದೆ. 2019ರಲ್ಲಿ ಬಂದ ಎಂಬಿಬಿಎಸ್ ಹೊಸ ಪಠ್ಯಕ್ರಮದಲ್ಲಿ ವಿದ್ಯಾರ್ಥಿ ಮಾಡಿ ತೋರಿಸಿ ಸಹಿ ಹಾಕಿಸ್ಕೊಬೇಕಾದ ಕೌಶಲಗಳ ಪಟ್ಟಿಯಲ್ಲೂ ಅದಕ್ಕೆ ಜಾಗ ಇದೆ. ಅಂದ್ರೆ ಟ್ಯೂಬನ್ನ ಮೂಗಿನ ತುದಿಯಿಂದ ಕಿವಿ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೊನೆಗೆ ಅಳತೆ ಮಾಡ್ಕೊಂಡು, ಜೆಲ್ಲಿ ಹಚ್ಚಿ, ಪೇಷಂಟ್ ನುಂಗೋ ಹೊತ್ತಿಗೆ ಒಳಗೆ ತಳ್ಳೋದು ಎಲ್ಲರಿಗೂ ಒಂದು ಮಟ್ಟಿಗೆ ಬರತ್ತೆ. ಆದ್ರೆ ಟ್ಯೂಬಿಂದ ಆಗೋ ದೊಡ್ಡ ಅನಾಹುತಗಳಲ್ಲಿ ಬಹುಪಾಲು ಹಾಕೋ ಆ ಎರಡು ನಿಮಿಷದಲ್ಲಿ ಆಗಲ್ಲ. ಹಾಕಿದ ಮೇಲೆ ಅದು ನಿಜವಾಗ್ಲೂ ಹೊಟ್ಟೆಯಲ್ಲೇ ಇದೆಯಾ ಅಂತ ನೋಡೋದ್ರಲ್ಲಿ, ದಿನಾ ಅದನ್ನ ಹೇಗೆ ನೋಡ್ಕೊಳ್ತಾರೆ ಅನ್ನೋದ್ರಲ್ಲಿ, ಇನ್ನೊಬ್ಬರ ಕೈಗೆ ಒಪ್ಪಿಸೋದ್ರಲ್ಲಿ ಆಗತ್ತೆ. ಈ ಮೂರಕ್ಕೂ ನಮ್ಮಲ್ಲಿ ಟ್ರೈನಿಂಗ್ ಅನ್ನೋದು ಹೆಚ್ಚುಕಮ್ಮಿ ಸೀನಿಯರ್ ಮಾಡೋದನ್ನ ನೋಡಿ ಜೂನಿಯರ್ ಕಲಿಯೋದು, ಸೀನಿಯರ್ ತಪ್ಪು ಮಾಡ್ತಿದ್ರೆ ಅದೇ ತಪ್ಪು ಮುಂದಿನ ಬ್ಯಾಚಿಗೂ ಹೋಗತ್ತೆ.

ಇದಕ್ಕೆ ಒಳ್ಳೆ ಉದಾಹರಣೆ ಗಾಳಿ ಟೆಸ್ಟ್. ಟ್ಯೂಬ್ ಹಾಕಿದ ತಕ್ಷಣ ಸಿರಿಂಜಲ್ಲಿ 10-20 ಎಂಎಲ್ ಗಾಳಿ ತಳ್ಳಿ ಹೊಟ್ಟೆ ಮೇಲೆ ಸ್ಟೆತ್ ಇಟ್ಟು ಗುಳುಕ್ ಅಂತ ಸದ್ದು ಬಂತಾ ಅಂತ ಕೇಳೋದು. ಸದ್ದು ಬಂದ್ರೆ ಸರಿಯಾಗಿದೆ, ಫೀಡ್, ಅಂದ್ರೆ ಟ್ಯೂಬಲ್ಲಿ ಹಾಕೋ ದ್ರವ ಆಹಾರ, ಶುರು ಮಾಡಿ. ಇದನ್ನ ಎಷ್ಟು ವಾರ್ಡುಗಳಲ್ಲಿ ಇವತ್ತಿಗೂ ಮಾಡ್ತಾರೆ ಅಂತ ಆಸ್ಪತ್ರೆಯಲ್ಲಿ ಕೆಲಸ ಮಾಡೋ ಯಾರನ್ನ ಕೇಳಿದ್ರೂ ಗೊತ್ತಾಗತ್ತೆ. ತೊಂದ್ರೆ ಏನಪ್ಪಾ ಅಂದ್ರೆ ಟ್ಯೂಬ್ ಶ್ವಾಸನಾಳಕ್ಕೆ ಹೋಗಿ ಎಡ ಶ್ವಾಸಕೋಶದ ತಳದಲ್ಲಿ ಕೂತಿದ್ರೂ ಆ ಸದ್ದು ಕೇಳಿಸ್ಬಹುದು, ಶ್ವಾಸಕೋಶದ ಬುಡಕ್ಕೂ ಹೊಟ್ಟೆಗೂ ಮಧ್ಯ ಇರೋದು ವಪೆ (ಡಯಾಫ್ರಮ್) ಅನ್ನೋ ತೆಳು ಸ್ನಾಯುವಿನ ಪರದೆ ಅಷ್ಟೇ, ಸದ್ದು ಆರಾಮಾಗಿ ಆ ಕಡೆ ದಾಟತ್ತೆ. ಟ್ಯೂಬ್ ತುದಿಯನ್ನ ನೀರಲ್ಲಿ ಮುಳುಗಿಸಿ ಗುಳ್ಳೆ ಬರತ್ತಾ ನೋಡೋದೂ ಇದೇ ಕಥೆ. ಇನ್ನು ಶ್ವಾಸನಾಳಕ್ಕೆ ಹೋದ್ರೆ ಪೇಷಂಟ್ ಕೆಮ್ಮಲ್ವಾ ಅಂದ್ರೆ, ಎಚ್ಚರ ಇರೋ ಗಟ್ಟಿ ಮನುಷ್ಯ ಸಾಮಾನ್ಯವಾಗಿ ಕೆಮ್ತಾನೆ, ಆದ್ರೆ ಟ್ಯೂಬ್ ಬೇಕಾಗೋದೇ ಸ್ಟ್ರೋಕ್ ಆದೋರಿಗೆ, ತಲೆಗೆ ಪೆಟ್ಟು ಬಿದ್ದೋರಿಗೆ, ಪ್ರಜ್ಞೆ ಇಲ್ಲದೋರಿಗೆ. ಅವರ ಕೆಮ್ಮೋ ಶಕ್ತಿನೇ ಮಂಕಾಗಿರತ್ತೆ.

ಬ್ರಿಟನ್ನಲ್ಲಿ ಈ ಗಾಳಿ ಟೆಸ್ಟನ್ನ 2005ರಲ್ಲೇ ಬೇಡ ಅಂತ ಅಧಿಕೃತವಾಗಿ ನಿಲ್ಲಿಸಿದ್ರು. ಆ ದೇಶದ ಕಥೆಯನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಈ ವಿಷಯದಲ್ಲಿ ತಮ್ಮ ತಪ್ಪುಗಳನ್ನ ಲೆಕ್ಕ ಇಟ್ಟು ಬಹಿರಂಗವಾಗಿ ಹಾಕಿರೋರಲ್ಲಿ ಅವರು ಮುಂದೆ ಇದಾರೆ, ಅದ್ರಿಂದ ಟ್ರೈನಿಂಗ್ ಅಂದ್ರೆ ಏನು ಅಂತಾನೂ ತಿಳಿಯತ್ತೆ. ಅಲ್ಲಿನ ರಾಷ್ಟ್ರೀಯ ರೋಗಿ ಸುರಕ್ಷತಾ ಸಂಸ್ಥೆ 2005ರಲ್ಲಿ ಹೊರಡಿಸಿದ ಸೂಚನೆ ಸರಳವಾಗಿತ್ತು: ಟ್ಯೂಬಿಂದ ಸ್ವಲ್ಪ ದ್ರವ ಎಳೆದು ಪಿಎಚ್ ಪೇಪರ್ (ದ್ರವ ಎಷ್ಟು ಆಸಿಡ್ ಅಂತ ತೋರಿಸೋ ಕಾಗದ, ಅಂಕಿ ಕಡಿಮೆ ಇದ್ದಷ್ಟೂ ಆಸಿಡ್ ಜಾಸ್ತಿ) ಮೇಲೆ ಹಾಕಿ, 5.5 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ಹೊಟ್ಟೆಯ ಆಸಿಡ್ ಅಂತ ಲೆಕ್ಕ, ಫೀಡ್ ಕೊಡಬಹುದು, ದ್ರವ ಬರಲಿಲ್ಲ ಅಥವಾ ಪಿಎಚ್ ಜಾಸ್ತಿ ಬಂತು ಅಂದ್ರೆ ಎಕ್ಸ್‌ರೇ. ಲ್ಯಾಬಲ್ಲಿ ಸಿಗೋ ನೀಲಿ ಲಿಟ್ಮಸ್ ಪೇಪರ್ ಸಾಕಾಗಲ್ಲ, ಅದು ಹೊಟ್ಟೆಯ ದ್ರವಕ್ಕೂ ಶ್ವಾಸನಾಳದ ದ್ರವಕ್ಕೂ ಇರೋ ವ್ಯತ್ಯಾಸವನ್ನ ಸರಿಯಾಗಿ ಹಿಡಿಯಲ್ಲ ಅಂತಾನೂ ಹೇಳಿದ್ರು. ಆಮೇಲೆ 2009ರಲ್ಲಿ ಅಲ್ಲಿ 'ಯಾವತ್ತೂ ಆಗಲೇಬಾರದ' ಘಟನೆಗಳು ಅಂತ ಒಂದು ಪಟ್ಟಿ ಮಾಡಿದಾಗ ತಪ್ಪು ಜಾಗದಲ್ಲಿರೋ ಟ್ಯೂಬಿಗೆ ಫೀಡ್ ಕೊಡೋದನ್ನೂ ಅದ್ರಲ್ಲಿ ಸೇರಿಸಿದ್ರು.

ಇಷ್ಟಾದ ಮೇಲೆ ನಿಲ್ತಾ ಅಂದ್ರೆ ಇಲ್ಲ. 2011ರಲ್ಲಿ ಅದೇ ಸಂಸ್ಥೆ ಮತ್ತೆ ಲೆಕ್ಕ ಹಾಕಿದಾಗ 2005ರ ಸೂಚನೆ ಬಂದ ಮೇಲೂ 21 ಸಾವು, 79 ಜನಕ್ಕೆ ಹಾನಿ ಆಗಿರೋದು ವರದಿಯಾಗಿತ್ತು. 2016ರಲ್ಲಿ ಇನ್ನೊಂದು ಎಚ್ಚರಿಕೆ ಬಂತು, ಅದ್ರ ಪ್ರಕಾರ 2011ರ ಸೆಪ್ಟೆಂಬರಿಂದ 2016ರ ಮಾರ್ಚ್ ತನಕ 95 ಘಟನೆ, ಅದ್ರಲ್ಲಿ 32 ಜನ ತೀರ್ಕೊಂಡಿದ್ರು. ನ್ಯಾಯವಾಗಿ ಹೇಳ್ಬೇಕು ಅಂದ್ರೆ ಅವರೆಲ್ಲ ಟ್ಯೂಬಿಂದಲೇ ಸತ್ರು ಅನ್ನೋಕಾಗಲ್ಲ, ತುಂಬಾ ಜನ ಮೊದಲೇ ತೀರಾ ಸೀರಿಯಸ್ ಆಗಿದ್ದೋರು, ಮತ್ತೆ ಆ ಅವಧಿಯಲ್ಲಿ ಅಲ್ಲಿ 30 ಲಕ್ಷಕ್ಕೂ ಹೆಚ್ಚು ಟ್ಯೂಬ್ ಬಳಕೆ ಆಗಿದೆ, ಹಾಗಾಗಿ ಪ್ರಮಾಣ ನೋಡಿದ್ರೆ ಸಣ್ಣದೇ. ಆದ್ರೆ ಕಾರಣಗಳನ್ನ ಕೆದಕಿದಾಗ ಸಿಕ್ಕಿದ್ದು ಸ್ವಾರಸ್ಯವಾಗಿದೆ. ಎಲ್ಲಕ್ಕಿಂತ ಹೆಚ್ಚು ಎಡವಟ್ಟು ಆಗಿದ್ದು ಎಕ್ಸ್‌ರೇ ನೋಡೋದ್ರಲ್ಲಿ. ಅಂದ್ರೆ ಎಕ್ಸ್‌ರೇ ತೆಗೆಸಿದಾರೆ, ಡಾಕ್ಟರೇ ನೋಡಿದಾರೆ, ಸರಿ ಇದೆ ಅಂತ ಬರೆದಿದಾರೆ, ಆದ್ರೆ ಟ್ಯೂಬ್ ಇದ್ದಿದ್ದು ಶ್ವಾಸಕೋಶದಲ್ಲಿ. ನೋಡಿದ ಡಾಕ್ಟರುಗಳಲ್ಲಿ ಅನೇಕರಿಗೆ ಟ್ಯೂಬಿಗೋಸ್ಕರ ಎಕ್ಸ್‌ರೇ ಹೇಗೆ ಓದ್ಬೇಕು ಅನ್ನೋ ತರಬೇತಿ, ಅದೂ ಪರೀಕ್ಷೆ ಮಾಡಿ ಪಾಸ್ ಮಾಡಿಸೋ ಥರದ್ದು, ಸಿಕ್ಕಿರಲಿಲ್ಲ.

ಎದೆ ಎಕ್ಸ್‌ರೇ ಓದೋಕೆ ಬರೋ ಡಾಕ್ಟರಿಗೆ ಟ್ಯೂಬ್ ಎಲ್ಲಿದೆ ಅಂತ ಹೇಳೋಕೆ ಬರಲ್ವಾ ಅಂತ ಅನ್ನಿಸ್ಬಹುದು. ಬರತ್ತೆ, ಆದ್ರೆ ತುದಿ ಕೆಳಗಡೆ ಕಾಣ್ತಿದೆ ಅಂತ ಅಷ್ಟನ್ನೇ ನೋಡಿ ಬಿಟ್ರೆ ಮೋಸ ಹೋಗ್ತಾರೆ, ಯಾಕಂದ್ರೆ ಶ್ವಾಸಕೋಶದ ತಳ ವಪೆಯ ಹಿಂದೆ ಸಾಕಷ್ಟು ಕೆಳಗೆ ಇಳಿದಿರತ್ತೆ, ಅಲ್ಲಿ ಹೋಗಿ ಕೂತ ಟ್ಯೂಬ್ ಚಿತ್ರದಲ್ಲಿ ಹೊಟ್ಟೆಯಲ್ಲೇ ಇರೋ ಹಾಗೆ ಕಾಣ್ಬಹುದು. ಅದಕ್ಕೇ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ ಅಂತ ಕಲಿಸ್ತಾರೆ: ಟ್ಯೂಬ್ ಶ್ವಾಸನಾಳದ ಕವಲಿನ ವಕ್ರ ಹಿಡಿಯದೆ ಅನ್ನನಾಳದ ದಾರಿನೇ ಹಿಡಿದಿದೆಯಾ, ಶ್ವಾಸನಾಳ ಎರಡಾಗಿ ಒಡೆಯೋ ಜಾಗವನ್ನ ಮಧ್ಯದಲ್ಲಿ ನೇರ ದಾಟಿದೆಯಾ, ವಪೆಯನ್ನ ನಡುವಲ್ಲೇ ದಾಟಿದೆಯಾ, ತುದಿ ಎಡ ವಪೆಯ ಕೆಳಗೆ ಸ್ಪಷ್ಟವಾಗಿ ಕಾಣತ್ತಾ. ನಾಲ್ಕಕ್ಕೂ ಹೌದು ಅಂದ್ರೆ ಮಾತ್ರ ಫೀಡ್. ಒಂದಕ್ಕೆ ಡೌಟ್ ಬಂದ್ರೂ ತೆಗೀರಿ ಅಥವಾ ರೇಡಿಯಾಲಜಿಯೋರನ್ನ ಕೇಳಿ. ಮತ್ತೆ ಇವತ್ತಿನ ಎಕ್ಸ್‌ರೇನೇ ನೋಡ್ತಿದೀರಾ ಅಂತ ತಾರೀಖು, ಟೈಮು ನೋಡಿ, ನಿನ್ನೆಯ ಫಿಲ್ಮ್ ನೋಡಿ ಇವತ್ತಿನ ಟ್ಯೂಬಿಗೆ ಓಕೆ ಅಂದಿರೋದೂ ಉಂಟು. ಇದನ್ನ ಕಲಿಸೋಕೆ ಒಂದು ಗಂಟೆ ಸಾಕು, ಇಪ್ಪತ್ತು ಎಕ್ಸ್‌ರೇ ಇಟ್ಕೊಂಡು ಅದ್ರಲ್ಲಿ ಐದು ತಪ್ಪು ಜಾಗದ್ದು ಬೆರೆಸಿ ಹೌಸ್ ಸರ್ಜನ್‌ಗಳ ಮುಂದೆ ಇಟ್ರೆ ಆಯ್ತು, ಯಾವ ದೊಡ್ಡ ಸಿಮ್ಯುಲೇಷನ್ ಲ್ಯಾಬೂ ಬೇಡ.

2012ರಲ್ಲಿ ಬಂದ ಇನ್ನೊಂದು ಎಚ್ಚರಿಕೆ ನನಗೆ ಇದಕ್ಕಿಂತ ಇಷ್ಟ, ಯಾಕಂದ್ರೆ ಒಳ್ಳೆ ಉದ್ದೇಶದಿಂದ ಮಾಡಿದ್ದು ಹೇಗೆ ಕೈಕೊಡತ್ತೆ ಅಂತ ಅದ್ರಲ್ಲಿ ಗೊತ್ತಾಗತ್ತೆ. ಒಳಗೆ ತಂತಿ ಇರೋ ಸಣ್ಣ ಟ್ಯೂಬುಗಳಿಗೆ ಒಳಗಡೆ ಒಂದು ಜಾರೋ ಲೇಪ ಇರತ್ತೆ, ನೀರು ಹಾಕಿದ್ರೆ ತಂತಿ ಸುಲಭವಾಗಿ ಹೊರಗೆ ಬರತ್ತೆ. ಹಾಗಂತ ಕೆಲವರು ಜಾಗ ಖಚಿತ ಮಾಡ್ಕೊಳ್ಳೋಕೆ ಮುಂಚೆನೇ ನೀರು ಹಾಕಿ ಫ್ಲಶ್ ಮಾಡಿದ್ರು, ಆಮೇಲೆ ದ್ರವ ಎಳೆದು ಪಿಎಚ್ ನೋಡಿದ್ರೆ ಕಡಿಮೆ ಬಂತು. ಬಂದಿದ್ದು ಹೊಟ್ಟೆಯ ಆಸಿಡ್ ಅಲ್ಲ, ಆ ಲೇಪ ನೀರಲ್ಲಿ ಕರಗಿ ಬಂದ ರೀಡಿಂಗ್! ಟ್ಯೂಬ್ ಶ್ವಾಸಕೋಶದಲ್ಲಿತ್ತು. ನಿಯಮ ಗೊತ್ತಿತ್ತು, ಟೆಸ್ಟೂ ಮಾಡಿದ್ರು, ಆದ್ರೆ ಯಾಕೆ ಆ ಕ್ರಮದಲ್ಲೇ ಮಾಡ್ಬೇಕು ಅನ್ನೋದು ಗೊತ್ತಿರಲಿಲ್ಲ. ಗೋಡೆಗೆ ಅಂಟಿಸಿದ ಚಾರ್ಟು, ವಾಟ್ಸಾಪಲ್ಲಿ ಕಳಿಸಿದ ಸರ್ಕ್ಯುಲರ್ರು, ಸಹಿ ಹಾಕಿ ಸಮೋಸ ತಿಂದು ಬರೋ ವರ್ಕ್‌ಶಾಪು ಇವುಗಳಿಂದ ಈ 'ಯಾಕೆ' ತಲೆಗೆ ಹೋಗಲ್ಲ.

ಸರಿ, ಈಗ ನಮ್ಮೂರಿಗೆ ಬರೋಣ. ಪಿಎಚ್ ಪೇಪರ್ ಇಟ್ಟು ನೋಡಿ ಅಂತ ನಾಳೆನೇ ಎಲ್ಲ ಸ್ಟಾಫ್ ನರ್ಸುಗಳಿಗೂ ಕಲಿಸಿದ್ವಿ ಅಂತ ಇಟ್ಕೊಳ್ಳಿ. ವಾರ್ಡಲ್ಲಿ ಪಿಎಚ್ ಪೇಪರ್ ಇರತ್ತಾ? ಸ್ಟೋರಿಂದ ಇಂಡೆಂಟ್ ಹಾಕಿ ತರಿಸೋ ಪಟ್ಟಿಯಲ್ಲೇ ಅದು ಇಲ್ಲದಿದ್ರೆ ಕಲಿತೋರು ಒಂದು ವಾರ ಹುಡುಕಿ ಆಮೇಲೆ ಮತ್ತೆ ಸ್ಟೆತ್ ಎತ್ಕೊಳ್ತಾರೆ. ಇನ್ನೊಂದು ನಮ್ಮ ವಿಶೇಷ, ವಾರ್ಡಿಗೆ ಅಡ್ಮಿಟ್ ಆದ ಎಷ್ಟೋ ಜನಕ್ಕೆ ಗ್ಯಾಸ್ಟ್ರಿಕ್ ಆಗದೇ ಇರ್ಲಿ ಅಂತ ಪ್ಯಾಂಟೊಪ್ರಜೋಲ್ ಹೋಗ್ತಿರತ್ತೆ, ಅದು ಹೊಟ್ಟೆಯ ಆಸಿಡ್ ಕಡಿಮೆ ಮಾಡೋ ಔಷಧಿ, ಹಾಗಾಗಿ ಟ್ಯೂಬ್ ಸರಿ ಜಾಗದಲ್ಲಿದ್ರೂ ಪಿಎಚ್ 6, 7 ತೋರಿಸ್ಬಹುದು. ಫೀಡ್ ಸತತವಾಗಿ ಹೋಗ್ತಿದ್ರೂ ಹಾಗೇ. ಆಗ ಎಕ್ಸ್‌ರೇ ಬೇಕು. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಹನ್ನೊಂದಕ್ಕೆ ಎಕ್ಸ್‌ರೇ ಟೆಕ್ನಿಷಿಯನ್ ಎಲ್ಲಿಂದ ಬರ್ಬೇಕು? ಬ್ರಿಟನ್ನೋರೇ ತುರ್ತು ಇಲ್ಲದಿದ್ರೆ ರಾತ್ರಿ ಹೊತ್ತು ಟ್ಯೂಬ್ ಹಾಕ್ಬೇಡಿ, ಬೆಳಿಗ್ಗೆ ಸರಿಯಾಗಿ ನೋಡೋ ಜನ ಇದ್ದಾಗ ಹಾಕಿ ಅಂತಾರೆ. ಒಂದು ರಾತ್ರಿ ಡ್ರಿಪ್ ಮೇಲೆ ಇದ್ರೆ ಯಾರೂ ಹಸಿವಿಂದ ಸಾಯಲ್ಲ. ಈ ಒಂದು ಮಾತು ಡ್ಯೂಟಿ ಡಾಕ್ಟರಿಗೂ, ಗಾಬರಿ ಬಿದ್ದ ಮನೆಯೋರಿಗೂ ಅರ್ಥ ಆದ್ರೆ ಎಷ್ಟೋ ತಪ್ಪುತ್ತೆ.

ದ್ರವ ಬರ್ತಿಲ್ಲ ಅಂತ ಕೈಬಿಡೋದೂ ಬೇಡ, ಪೇಷಂಟನ್ನ ಎಡಗಡೆ ಮಗ್ಗುಲು ಮಾಡಿ ಮಲಗಿಸಿ, ಸ್ವಲ್ಪ ಗಾಳಿ ಹಾಕಿ ಟ್ಯೂಬ್ ತುದಿಯನ್ನ ಹೊಟ್ಟೆಯ ಒಳಗೋಡೆಯಿಂದ ಬಿಡಿಸಿ, ಕಾಲು ಗಂಟೆ ಅರ್ಧ ಗಂಟೆ ಬಿಟ್ಟು ಮತ್ತೆ ಎಳೆದು ನೋಡಿದ್ರೆ ಎಷ್ಟೋ ಸಲ ಬರತ್ತೆ. ಇಂಥ ಸಣ್ಣ ಸಣ್ಣ ಕೈಚಳಕ ಪುಸ್ತಕದಲ್ಲಿ ಒಂದು ಸಾಲು ಇರತ್ತೆ, ಬೆಡ್ ಪಕ್ಕ ನಿಂತು ಒಬ್ರು ತೋರಿಸಿದ್ರೆ ಮಾತ್ರ ನೆನಪಲ್ಲಿ ಉಳಿಯತ್ತೆ.

ಅಂದಹಾಗೆ ಈ ಟ್ಯೂಬ್ ಮೊದಲು ಬಂದಿದ್ದು ಊಟ ಹಾಕೋಕಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ರೈಲ್ ಅನ್ನೋ ಡಾಕ್ಟರು 1921ರಲ್ಲಿ ಇದನ್ನ ಬಳಕೆಗೆ ತಂದಿದ್ದು ಹೊಟ್ಟೆಯೊಳಗಿನ ದ್ರವ ಹೊರಗೆ ತೆಗೆದು ಪರೀಕ್ಷೆ ಮಾಡೋಕೆ. ನಮ್ಮಲ್ಲಿ ಸಿಗೋ ಪಿವಿಸಿ ರೈಲ್ಸ್ ಟ್ಯೂಬ್ ಅಗ್ಗ, ಎಲ್ಲ ಮೆಡಿಕಲ್ ಶಾಪಲ್ಲೂ ಸಿಗತ್ತೆ, ಆದ್ರೆ ಹೊಟ್ಟೆಯ ಆಸಿಡಲ್ಲಿ ಕೆಲವೇ ದಿನಕ್ಕೆ ಗಟ್ಟಿ ಆಗತ್ತೆ, ದಪ್ಪನೂ ಜಾಸ್ತಿ, ಮೂಗಿನ ಹೊಳ್ಳೆ ಒತ್ತಿ ಹುಣ್ಣು ಮಾಡತ್ತೆ. ಪಾಲಿಯುರೆಥೇನ್ ಅಥವಾ ಸಿಲಿಕೋನ್ ಟ್ಯೂಬ್ ಸಣ್ಣದು, ಮೆತ್ತಗಿರತ್ತೆ, ವಾರಗಟ್ಟಲೆ ಇಡಬಹುದು, ರೇಟ್ ಜಾಸ್ತಿ. ಮನೆಗೆ ಕಳಿಸೋ ಪೇಷಂಟಿಗೆ ಯಾವ ಟ್ಯೂಬ್ ಹಾಕಿದೀವಿ, ಯಾವತ್ತು ಹಾಕಿದ್ದು, ಯಾವತ್ತು ಬದಲಾಯಿಸ್ಬೇಕು, ಮೂಗಿನ ಹತ್ರ ಎಷ್ಟು ಸೆಂಟಿಮೀಟರ್ ಗುರುತಿದೆ, ಈ ನಾಲ್ಕು ವಿಷಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದ್ದಿದ್ದು ನೋಡೋಕೆ ಸಿಗೋದು ಕಮ್ಮಿ. ಆಂಟಿಬಯೋಟಿಕ್ ಯಾವುದು ಎಷ್ಟು ಡೋಸ್ ಅಂತ ಎರಡು ಪುಟ ಇರತ್ತೆ, ಟ್ಯೂಬ್ ಬಗ್ಗೆ 'ಆರ್‌ಟಿ (ರೈಲ್ಸ್ ಟ್ಯೂಬ್) ಫೀಡ್ ಮುಂದುವರಿಸಿ' ಅಂತ ಒಂದೇ ಸಾಲು. ಮೂಗಿನ ಹತ್ರದ ಆ ಗುರುತು ಮನೆಯೋರಿಗೆ ಇರೋ ಒಂದೇ ಒಂದು ಸುಲಭದ ಅಳತೆ, ನಿನ್ನೆ 60 ಇದ್ದಿದ್ದು ಇವತ್ತು 50 ಕಾಣ್ತಿದ್ರೆ ಟ್ಯೂಬ್ ಹೊರಗೆ ಬಂದಿದೆ, ಫೀಡ್ ಹಾಕ್ಬೇಡಿ ಅಂತ ಅರ್ಥ. ವಾಂತಿ ಆದ ಮೇಲೆ, ಜೋರಾಗಿ ಕೆಮ್ಮಿದ ಮೇಲೆ ನೋಡ್ಲೇಬೇಕು. ಇದನ್ನ ಹೇಳಿಕೊಡೋಕೆ ಒಂದು ನಿಮಿಷ ಸಾಕು, ಆದ್ರೆ ಹೇಳೋರಿಗೆ ಇದು ಮುಖ್ಯ ಅಂತ ಮೊದಲು ಗೊತ್ತಿರ್ಬೇಕಲ್ಲ.

ಇಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟೇ: ನಮ್ಮ ದೇಶದಲ್ಲಿ ಟ್ಯೂಬಿಗೆ ಫೀಡ್ ಹಾಕೋರು ಹೆಚ್ಚಾಗಿ ನರ್ಸ್ ಅಲ್ಲ. ವಾರ್ಡಲ್ಲೇ ಆಗ್ಲಿ, ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ರೋ ಇಬ್ರೋ ಸಿಸ್ಟರ್ ಇರುವಾಗ ಎರಡು ಗಂಟೆಗೊಂದ್ಸಲ ಪ್ರತಿ ಬೆಡ್ಡಿಗೂ ಅವರೇ ಹೋಗಿ 200 ಎಂಎಲ್ ನಿಧಾನಕ್ಕೆ ಹಾಕೋದು ಸಾಧ್ಯನೇ ಇಲ್ಲ, ಪೇಷಂಟ್ ಜೊತೆ ಇರೋ ಅಟೆಂಡರೇ ಹಾಕ್ತಾರೆ. ಮನೆಗೆ ಹೋದ ಮೇಲಂತೂ ಹೆಂಡತಿ, ಮಗಳು, ಸೊಸೆ, ಇಲ್ಲಾಂದ್ರೆ ಏಜೆನ್ಸಿಯಿಂದ ಬಂದ ಹೋಮ್ ನರ್ಸ್, ಅವರಲ್ಲೂ ಎಷ್ಟೋ ಜನ ಹೆಸರಿಗೆ ಮಾತ್ರ ನರ್ಸ್, ಯಾವ ಕೋರ್ಸೂ ಮಾಡಿರಲ್ಲ. ಹಾಗಿರುವಾಗ ನಮ್ಮ ನರ್ಸಿಗೆ ಬೇಕಾಗಿರೋ ದೊಡ್ಡ ಕೌಶಲ ಟ್ಯೂಬ್ ಹಾಕೋದಲ್ಲ, ಇನ್ನೊಬ್ಬರಿಗೆ ಕಲಿಸೋದು, ಮತ್ತೆ ಅವರು ಕಲಿತಿದಾರಾ ಅಂತ ಪರೀಕ್ಷೆ ಮಾಡೋದು. ನರ್ಸಿಂಗ್ ಶಿಕ್ಷಣದಲ್ಲಿ ಆರೋಗ್ಯ ಶಿಕ್ಷಣ ಅಂತ ವಿಷಯ ಇದೆ, ವಿದ್ಯಾರ್ಥಿಗಳು ಚಾರ್ಟ್ ಪೇಪರ್ ಮೇಲೆ ಬಣ್ಣಬಣ್ಣದ ಚಿತ್ರ ಬರೆದು ಭಾಷಣ ಮಾಡ್ತಾರೆ. ಆದ್ರೆ ಭಾಷಣ ಮಾಡೋದು ಬೇರೆ, 'ಈಗ ನೀವು ಮಾಡಿ ತೋರಿಸಿ ಅಮ್ಮಾ, ನಾನು ನೋಡ್ತೀನಿ' ಅಂತ ಸುಮ್ನೆ ನಿಲ್ಲೋದು ಬೇರೆ. ಆಕೆ ಸಿರಿಂಜನ್ನ ಒತ್ತಿ ಒತ್ತಿ ತಳ್ತಾಳಾ ಇಲ್ಲ ಎತ್ತಿ ಹಿಡಿದು ತಾನಾಗೇ ಇಳಿಯೋಕೆ ಬಿಡ್ತಾಳಾ, ಕೈ ತೊಳೆದ್ಲಾ, ಹಾಸಿಗೆ ತಲೆ ಕಡೆ 30ರಿಂದ 45 ಡಿಗ್ರಿ ಏರಿಸಿದ್ಲಾ, ಫೀಡ್ ಆದ ಮೇಲೆ ಅರ್ಧ ಮುಕ್ಕಾಲು ಗಂಟೆ ಹಾಗೇ ಇಡ್ಬೇಕು ಅಂತ ಗೊತ್ತಾ, ಪೇಷಂಟ್ ಕೆಮ್ಮೋಕೆ ಶುರು ಮಾಡಿದ್ರೆ ಏನ್ಮಾಡ್ತಾಳೆ. ಡಿಸ್ಚಾರ್ಜ್ ದಿನ ಅಲ್ಲ, ಅದಕ್ಕೆ ಮೂರು ನಾಲ್ಕು ದಿನ ಮುಂಚೆಯಿಂದ ಪ್ರತಿ ಫೀಡೂ ಆಕೆ ಕೈಲೇ ಹಾಕಿಸಿ, ಸಿಸ್ಟರ್ ಪಕ್ಕದಲ್ಲಿ ನಿಂತ್ರೆ ಆಯ್ತು. ಹೇಗಿದ್ರೂ ಆಕೆನೇ ಹಾಕ್ತಿರೋದು!

ಊಟದ ವಿಷಯ. ಟ್ಯೂಬ್ ಕಟ್ಕೊಳ್ಳತ್ತೆ ಅಂತ ಹೆದರಿ ಮನೆಯೋರು ಗಂಜಿ ತಿಳಿ, ಬೇಳೆಕಟ್ಟು, ಎಳನೀರು ಇಷ್ಟರಲ್ಲೇ ದಿನ ತಳ್ಳಿಬಿಡ್ತಾರೆ, ಹೊಟ್ಟೆ ತುಂಬ್ತಿದೆ ಅನ್ಸತ್ತೆ ಆದ್ರೆ ಪೇಷಂಟ್ ತಿಂಗಳಲ್ಲಿ ಒಣಗಿ ಹೋಗ್ತಾರೆ, ಬೆನ್ನಲ್ಲಿ ಹುಣ್ಣಾಗತ್ತೆ. ಆಸ್ಪತ್ರೆಯಲ್ಲಿ ಕೊಡೋ ರೆಡಿ ಫಾರ್ಮುಲಾದಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ ಒಂದು ಕ್ಯಾಲರಿ ಇರತ್ತೆ, ಸೋಸಿದ ತಿಳಿಗಂಜಿಯಲ್ಲಿ ಅದ್ರ ಹತ್ರಕ್ಕೂ ಬರಲ್ಲ. ದಿನಾ ಫಾರ್ಮುಲಾ ಕೊಳ್ಳೋ ಶಕ್ತಿ ಎಲ್ಲರಿಗೂ ಇಲ್ಲ, ಅದೂ ಸರಿ. ಇಲ್ಲಿ ನಮ್ಮಲ್ಲೇ ಒಂದು ದಾರಿ ಇದೆ, ಮೊಳಕೆ ಕಟ್ಟಿ ಒಣಗಿಸಿ ಹುರಿದ ರಾಗಿ ಹಿಟ್ಟು. ಮೊಳಕೆ ಬಂದಾಗ ಅದ್ರಲ್ಲಿ ಹುಟ್ಟೋ ಅಮೈಲೇಸ್ ಕಿಣ್ವ ಪಿಷ್ಟವನ್ನ ಒಡೆಯತ್ತೆ, ಹಾಗಾಗಿ ಅಷ್ಟೇ ನೀರಿಗೆ ಜಾಸ್ತಿ ಹಿಟ್ಟು ಹಾಕಿದ್ರೂ ಗಂಜಿ ತೆಳ್ಳಗೇ ಇರತ್ತೆ, ಟ್ಯೂಬಲ್ಲಿ ಇಳಿಯತ್ತೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಕ್ಕಳ ಆಹಾರಕ್ಕೆ ಅಂತ ಮೊಳಕೆ ರಾಗಿ ಮೇಲೆ ದಶಕಗಳ ಹಿಂದೆನೇ ಕೆಲಸ ಆಗಿದೆ. ಇದನ್ನ ಹಾಲು, ಎಣ್ಣೆ, ಬೇಳೆ ಜೊತೆ ಸೇರಿಸಿ ಎಷ್ಟೆಷ್ಟು ಅಂತ ಲೆಕ್ಕ ಹಾಕಿ ಬರೆದು ಕೊಡೋ ಡಯಟಿಶಿಯನ್ ಬೇಕು, ಜೊತೆಗೆ ಮನೆಯಲ್ಲಿ ರುಬ್ಬಿದ್ದನ್ನ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡ್ಬೇಡಿ, ಮಿಕ್ಸಿ ಜಾರು ಸೋಸಣಿಗೆ ಬಿಸಿನೀರಲ್ಲಿ ತೊಳೀರಿ ಅಂತ ಹೇಳೋರೂ ಬೇಕು. ಒಂದು ಎಚ್ಚರಿಕೆ: ವಾರಗಟ್ಟಲೆ ಏನೂ ತಿನ್ನದೆ ಸೊರಗಿರೋರಿಗೆ ಮೊದಲ ದಿನವೇ ಪೂರ್ತಿ ಫೀಡ್ ಕೊಟ್ರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಶಿಯಂ ದಿಢೀರ್ ಕುಸಿದು ಹೃದಯಕ್ಕೇ ಅಪಾಯ ಆಗ್ಬಹುದು, ಅವರಿಗೆ ಸ್ವಲ್ಪದಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ಬೇಕು, ಇದು ಆಸ್ಪತ್ರೆಯೋರೇ ನೋಡ್ಕೊಬೇಕಾದ್ದು.

ಮಾತ್ರೆಗಳಂತೂ ಯಾರೂ ತಲೆ ಕೆಡಿಸ್ಕೊಳ್ಳದ ಜಾಗ. ಮಾತ್ರೆ ಕುಟ್ಟಿ ಪುಡಿ ಮಾಡಿ ಹಾಕಿ ಅಂತಾರೆ, ಎಲ್ಲವನ್ನೂ ಒಟ್ಟಿಗೆ ಕುಟ್ಟಿ ಒಂದೇ ಲೋಟದಲ್ಲಿ ಕಲಸಿ ಬಿಡ್ತಾರೆ. ಪ್ಯಾಂಟೊಪ್ರಜೋಲ್ ಮಾತ್ರೆಗೆ ಮೇಲೆ ಲೇಪ ಇರೋದೇ ಹೊಟ್ಟೆಯ ಆಸಿಡಲ್ಲಿ ಹಾಳಾಗಬಾರದು ಅಂತ, ಕುಟ್ಟಿದ್ರೆ ಕೆಲಸಕ್ಕೆ ಬರಲ್ಲ. ಹೆಸರಿನ ಕೊನೇಲಿ ಎಸ್‌ಆರ್, ಎಕ್ಸ್‌ಎಲ್, ಇಆರ್ ಅಂತ ಇರೋ ಬಿಪಿ, ಶುಗರ್ ಮಾತ್ರೆ ಕುಟ್ಟಿದ್ರೆ ಇಡೀ ದಿನಕ್ಕೆ ನಿಧಾನವಾಗಿ ಬಿಡಬೇಕಾದ ಡೋಸ್ ಒಂದೇ ಸಲಕ್ಕೆ ಹೋಗತ್ತೆ. ಫಿಟ್ಸಿಗೆ ಕೊಡೋ ಫೆನಿಟಾಯಿನ್ ಫೀಡ್ ಜೊತೆ ಹೋದ್ರೆ ರಕ್ತಕ್ಕೆ ಸರಿಯಾಗಿ ಸೇರಲ್ಲ, ಅದಕ್ಕೆ ಮುಂಚೆ ಆಮೇಲೆ ಒಂದೆರಡು ಗಂಟೆ ಫೀಡ್ ನಿಲ್ಲಿಸ್ಬೇಕು, ಇಲ್ಲಾಂದ್ರೆ ಮಾತ್ರೆ ಕೊಡ್ತಿದ್ರೂ ಫಿಟ್ಸ್ ಬರ್ತಾನೇ ಇದೆ ಅಂತ ಮತ್ತೆ ಎಮರ್ಜೆನ್ಸಿಗೆ ಓಡ್ತಾರೆ, ಡಾಕ್ಟರು ಡೋಸ್ ಏರಿಸ್ತಾರೆ, ಆಮೇಲೆ ಯಾವಾಗ್ಲೋ ಫೀಡ್ ನಿಂತಾಗ ಅದೇ ಡೋಸ್ ಜಾಸ್ತಿಯಾಗಿ ಇನ್ನೊಂದು ತೊಂದರೆ. ಟ್ಯೂಬ್ ಪೇಷಂಟಿನ ಪ್ರಿಸ್ಕ್ರಿಪ್ಷನ್ನನ್ನ ಒಂದ್ಸಲ ಫಾರ್ಮಸಿಸ್ಟ್ ನೋಡ್ಲಿ ಅಂತ ನಿಯಮ ಮಾಡೋಕೆ ಖರ್ಚೇನೂ ಇಲ್ಲ, ಆದ್ರೆ ನಮ್ಮಲ್ಲಿ ಫಾರ್ಮಸಿಸ್ಟ್ ಅಂದ್ರೆ ಕೌಂಟರ್ ಹಿಂದೆ ಮಾತ್ರೆ ಎಣಿಸಿಕೊಡೋರು ಅಂತಾನೇ ಉಳಿದಿದೆ. ಪ್ರತಿ ಮಾತ್ರೆನೂ ಬೇರೆ ಬೇರೆ ಕರಗಿಸಿ ಮಧ್ಯದಲ್ಲಿ ನೀರು ಬಿಡೋದು, ಎಲ್ಲ ಆದ ಮೇಲೆ 30 ಎಂಎಲ್ ನೀರು ಬಿಡೋದು, ಟ್ಯೂಬ್ ಕಟ್ಕೊಳ್ಳದೆ ಇರೋಕೆ ಇದೇ ಮದ್ದು.

ತಿಂಗಳುಗಟ್ಟಲೆ ಟ್ಯೂಬ್ ಬೇಕು ಅನ್ನೋರಿಗೆ ಹೊಟ್ಟೆಗೇ ನೇರ ಹಾಕೋ ಪೆಗ್ ಟ್ಯೂಬ್ ಇದೆ. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಲ್ಲಿ ಗೌಡರರ್ ಮತ್ತು ಪಾನ್ಸ್ಕಿ ಅನ್ನೋ ಡಾಕ್ಟರುಗಳು ಆಪರೇಷನ್ ಇಲ್ಲದೆ ಎಂಡೋಸ್ಕೋಪಿ ಮೂಲಕ ಒಂದು ಮಗುವಿಗೆ ಹಾಕಿದ್ದು ಮೊದಲು. ನಾಲ್ಕರಿಂದ ಆರು ವಾರಕ್ಕಿಂತ ಜಾಸ್ತಿ ಬೇಕಾಗತ್ತೆ ಅನ್ಸಿದ್ರೆ ಪೆಗ್ ಯೋಚಿಸಿ ಅಂತ ಯುರೋಪಿನ ಮಾರ್ಗಸೂಚಿ ಹೇಳತ್ತೆ. ಸ್ಟ್ರೋಕ್ ಆದ ತಕ್ಷಣ ಬೇಡ, 2005ರಲ್ಲಿ ಪ್ರಕಟ ಆದ ಫುಡ್ ಟ್ರಯಲ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಮೊದಲ ಎರಡು ಮೂರು ವಾರ ಮೂಗಿನ ಟ್ಯೂಬೇ ಒಳ್ಳೇದು ಅಂತ ಕಂಡಿದೆ. ನಮ್ಮಲ್ಲಿ ಉಲ್ಟಾ, ತಲೆ ಕುತ್ತಿಗೆ ಕ್ಯಾನ್ಸರ್ ಪೇಷಂಟುಗಳಿಗೆ, ಮೋಟಾರ್ ನ್ಯೂರಾನ್ ಕಾಯಿಲೆ ಇರೋರಿಗೆ ಪೆಗ್ ಹಾಕೋಣ ಅಂದ್ರೆ ಹೊಟ್ಟೆಗೆ ತೂತು ಹಾಕ್ತಾರಂತೆ ಅಂತ ಮನೆಯೋರು ಬೆಚ್ಚಿ ಬಿದ್ದು ಮೂಗಿನ ಪೈಪಲ್ಲೇ ವರ್ಷ ದೂಡ್ತಾರೆ.

ಪೆಗ್ ಹಾಕಿದ ಮೇಲಿನ ಪಾಠ ಬೇರೆ, ಮತ್ತೆ ಅದನ್ನ ನೋಡಿರೋ ಸಿಸ್ಟರುಗಳೇ ನಮ್ಮ ಜಿಲ್ಲೆಗಳಲ್ಲಿ ಕಮ್ಮಿ. ಹಾಕಿದ ಮೊದಲ 72 ಗಂಟೆಯೊಳಗೆ ಫೀಡ್ ಕೊಡುವಾಗ ನೋವು ಬಂದ್ರೆ, ನೋವು ಕಮ್ಮಿ ಆಗ್ತಾನೇ ಇಲ್ಲ ಅಂದ್ರೆ, ಹೊಸ ರಕ್ತ ಬಂದ್ರೆ, ಹೊಟ್ಟೆಯ ದ್ರವ ಹೊರಗೆ ಸೋರಿದ್ರೆ ಆ ಕ್ಷಣನೇ ಫೀಡ್ ನಿಲ್ಲಿಸಿ ಡಾಕ್ಟರನ್ನ ಕರೀಬೇಕು, ಬೆಳಿಗ್ಗೆ ರೌಂಡ್ಸಿಗೆ ಕಾಯೋ ಹಾಗಿಲ್ಲ. ಗಾಯ ಮಾಗಿದ ಮೇಲೆ ಟ್ಯೂಬನ್ನ ನಿಯಮಿತವಾಗಿ ಸ್ವಲ್ಪ ಒಳಗೆ ತಳ್ಳಿ ಪೂರ್ತಿ ಒಂದು ಸುತ್ತು ತಿರುಗಿಸಿ ಮತ್ತೆ ಜಾಗಕ್ಕೆ ತರಬೇಕು, ಹೊರಗಿನ ತಟ್ಟೆಯನ್ನ ಚರ್ಮಕ್ಕೆ ಒತ್ತಿ ಬಿಗಿಯಬಾರದು. ಒಳಗೆ ಅಂಗಿ ಗುಂಡಿ ಥರ ಒಂದು ಬಿರಡೆ ಹೊಟ್ಟೆಯ ಗೋಡೆಗೆ ತಾಗಿಕೊಂಡಿರತ್ತೆ, ತಿರುಗಿಸದೆ ಬಿಟ್ರೆ ಅದ್ರ ಮೇಲೆ ಮಾಂಸ ಬೆಳೆದು ಹೂತು ಹೋಗತ್ತೆ, ಆಮೇಲೆ ತೆಗೆಯೋದು ದೊಡ್ಡ ರಗಳೆ. ಟ್ಯೂಬ್ ಅಕಸ್ಮಾತ್ ಕಿತ್ತು ಬಂದ್ರೆ? ಹಾಕಿ ಒಂದು ತಿಂಗಳೂ ಆಗಿಲ್ಲ ಅಂದ್ರೆ ಯಾರೂ ಕುರುಡಾಗಿ ವಾಪಸ್ ತೂರಿಸ್ಬಾರದು, ದಾರಿ ಗಟ್ಟಿ ಆಗಿರಲ್ಲ, ಹೊಟ್ಟೆಯ ಹೊರಗೆ ಹೋಗಿಬಿಡತ್ತೆ. ಹಳೇದಾದ್ರೆ ಆ ತೂತು ಕೆಲವೇ ಗಂಟೆಯಲ್ಲಿ ಮುಚ್ಕೊಳ್ಳೋಕೆ ಶುರು ಮಾಡತ್ತೆ, ಹಾಗಾಗಿ ತಡ ಮಾಡದೆ ಆಸ್ಪತ್ರೆಗೆ ಹೋಗಿ ಕೊನೇಪಕ್ಷ ಒಂದು ಕ್ಯಾತಿಟರ್ ಆದ್ರೂ ಹಾಕಿಸಿ ದಾರಿ ಉಳಿಸ್ಕೊಬೇಕು. ಇಷ್ಟು ಗೊತ್ತಿರೋ ಒಬ್ಬ ವ್ಯಕ್ತಿ ತಾಲೂಕಿಗೊಬ್ರು ಇದ್ರೂ ಎಷ್ಟೋ ಮನೆಯೋರು ಬೆಂಗಳೂರಿಗೋ ಮಣಿಪಾಲಿಗೋ ಗಾಡಿ ಮಾಡ್ಕೊಂಡು ಓಡೋದು ತಪ್ಪತ್ತೆ.

ಆ ಒಬ್ಬ ವ್ಯಕ್ತಿ ಯಾರಾಗಬಹುದು ಅಂದ್ರೆ ನನ್ನ ಪ್ರಕಾರ ಸಮುದಾಯ ಆರೋಗ್ಯ ಅಧಿಕಾರಿ, ಊರ ಕಡೆ ಸಿಎಚ್‌ಓ ಅಂತಾರಲ್ಲ ಅವರು. 2018ರ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಉಪಕೇಂದ್ರಗಳನ್ನ ಮೇಲ್ದರ್ಜೆಗೆ ಏರಿಸಿದಾಗ ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವಯಸ್ಸಾದವರ ಆರೈಕೆ ಮತ್ತು ಉಪಶಾಮಕ ಆರೈಕೆನೂ ಸೇರಿದೆ. ಅವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿರೋರು, ಊರಲ್ಲೇ ಇರ್ತಾರೆ, ಟ್ಯೂಬ್ ಇರೋ ಮನೆ ಯಾವುದು ಅಂತ ಆಶಾ ಕಾರ್ಯಕರ್ತೆಗೆ ಗೊತ್ತೇ ಇರತ್ತೆ. ಈಗ ಅವರ ದಿನ ಹೋಗೋದು ಬಿಪಿ ಶುಗರ್ ಚೆಕ್ಕು, ಪೋರ್ಟಲ್ಲಿಗೆ ಡೇಟಾ ತುಂಬೋದ್ರಲ್ಲಿ. ಅದ್ರ ಮೇಲೆ ಇದೂ ಒಂದು ಹೊರೆ ಅಂತ ಅವರು ಗೊಣಗಿದ್ರೆ ತಪ್ಪೇನಿಲ್ಲ, ಆದ್ರೆ ಒಂದು ಉಪಕೇಂದ್ರದ ವ್ಯಾಪ್ತಿಯಲ್ಲಿ ಟ್ಯೂಬ್ ಇರೋ ಮನೆ ಬೆರಳೆಣಿಕೆಯಷ್ಟೇ ಇರತ್ತೆ. ಜಿಲ್ಲಾಸ್ಪತ್ರೆಯಲ್ಲಿ ನಾಲ್ಕೈದು ದಿನ ಕೂರಿಸಿ ಕೈಯಲ್ಲಿ ಮಾಡಿಸಿ, ವರ್ಷಕ್ಕೊಂದ್ಸಲ ಮತ್ತೆ ಕರೆಸಿ ನೋಡಿದ್ರೆ ಸಾಕು. ಒಂದ್ಸಲ ಕಲಿಸಿ ಕೈತೊಳ್ಕೊಂಡ್ರೆ ಅಪರೂಪಕ್ಕೆ ಮಾಡೋ ಕೆಲಸ ಕೈ ಮರೆಯತ್ತೆ.

ಮಂಗಳೂರು, ಉಡುಪಿ ಕಡೆ ಕಾಲೇಜುಗಳಲ್ಲಿ ಓದಿ ಯುಕೆಗೆ ಕೆಲಸಕ್ಕೆ ಹೋದ ನಮ್ಮ ಹುಡುಗಿಯರಿಗೆ ಅಲ್ಲಿ ಮೊದಲು ಆಗೋ ಮುಜುಗರಗಳಲ್ಲಿ ಇದೂ ಒಂದು: ಇಲ್ಲಿ ನೂರಾರು ಟ್ಯೂಬ್ ಹಾಕಿದ ಅನುಭವ ಇದ್ರೂ ಅಲ್ಲಿನ ಆಸ್ಪತ್ರೆಯೋರು ತಮ್ಮ ತರಬೇತಿ ಮುಗಿಸಿ, ಯಾರಾದ್ರೂ ನೋಡ್ತಾ ಇರುವಾಗ ಮಾಡಿ ತೋರಿಸಿ, ಸಹಿ ಬೀಳೋ ತನಕ ಟ್ಯೂಬ್ ಮುಟ್ಟೋಕೆ ಬಿಡಲ್ಲ. ಮೊದಮೊದಲು ಅವಮಾನ ಅನ್ನಿಸೋದು ಸಹಜ. ಆದ್ರೆ ಅಲ್ಲಿ ಕನ್ಸಲ್ಟೆಂಟಾದ್ರೂ ಅಷ್ಟೇ, ಹೊಸಬರಾದ್ರೂ ಅಷ್ಟೇ. ಅನುಭವವನ್ನ ಅರ್ಹತೆ ಅಂತ ತಿಳ್ಕೊಳ್ಳೋದನ್ನ ಅವರು 95 ಘಟನೆ ನೋಡಿದ ಮೇಲೆ ಬಿಟ್ಟಿದಾರೆ, ನಮ್ಮಲ್ಲಿ ಇಂಥ ಘಟನೆ ಎಷ್ಟು ಅಂತ ಎಣಿಸೋ ವ್ಯವಸ್ಥೆನೇ ಗಟ್ಟಿಯಾಗಿಲ್ಲ, ಆಸ್ಪಿರೇಷನ್ ನ್ಯುಮೋನಿಯಾ (ಆಹಾರವೋ ದ್ರವವೋ ಶ್ವಾಸಕೋಶಕ್ಕೆ ಹೋಗಿ ಆಗೋ ನ್ಯುಮೋನಿಯಾ) ಅಂತ ಬರೆದು ಫೈಲ್ ಮುಚ್ಚಿದ್ರೆ ಮುಗೀತು, ಟ್ಯೂಬ್ ಎಲ್ಲಿತ್ತು ಅಂತ ಯಾರು ಕೇಳ್ತಾರೆ.

ಕೊನೇದಾಗಿ ಟ್ಯೂಬ್ ತೆಗೆಯೋ ವಿಷಯ, ಇದ್ರ ಬಗ್ಗೆ ಮಾತೇ ಆಗಲ್ಲ. ಸ್ಟ್ರೋಕ್ ಆದೋರಲ್ಲಿ ತುಂಬಾ ಜನಕ್ಕೆ ಕೆಲವು ವಾರಗಳಲ್ಲಿ ನುಂಗೋ ಶಕ್ತಿ ವಾಪಸ್ ಬರತ್ತೆ. ಬಂದಿದೆಯಾ ಅಂತ ನೋಡೋಕೆ ಓದಿರೋರು ಸ್ಪೀಚ್ ಥೆರಪಿಸ್ಟುಗಳು, ಮಾತು ಮಾತ್ರ ಅಲ್ಲ ನುಂಗೋದೂ ಅವರ ವಿಷಯ, ಮೈಸೂರಿನ ಮಾನಸಗಂಗೋತ್ರಿ ಪಕ್ಕದಲ್ಲಿ 1965ರಿಂದ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಪ್ರತಿ ವರ್ಷ ಹೊಸ ಬ್ಯಾಚ್ ಹೊರಗೆ ಬರ್ತಿದೆ. ಆದ್ರೂ ಡಿಸ್ಚಾರ್ಜ್ ಆದ ಪೇಷಂಟನ್ನ ಇಂಥ ತಾರೀಖಿಗೆ ನುಂಗೋ ಪರೀಕ್ಷೆಗೆ ಕರ್ಕೊಂಡ್ ಬನ್ನಿ ಅಂತ ಬರೆದು ಕೊಡೋರು ಕಮ್ಮಿ, ಹಾಗಾಗಿ ನುಂಗೋಕೆ ಆಗೋರಿಗೂ ತಿಂಗಳುಗಟ್ಟಲೆ ಟ್ಯೂಬ್ ಹಾಗೇ ಇರತ್ತೆ, ಹಾಗೇ ಕೆಲವರು ಬಾಯಿಗೆ ಕಾಫಿ ಕೊಟ್ಟು ನೋಡೋಣ ಅಂತ ತಾವೇ ಪ್ರಯೋಗ ಮಾಡಿ ನ್ಯುಮೋನಿಯಾ ತರ್ಕೊಳ್ತಾರೆ. ಇನ್ನೊಂದು ಕಡೆ, ಮರೆವಿನ ಕಾಯಿಲೆ ಕೊನೇ ಹಂತದಲ್ಲಿರೋ ಅಜ್ಜ ಅಜ್ಜಿಯರಿಗೆ ಟ್ಯೂಬ್ ಹಾಕೋದ್ರಿಂದ ಆಯಸ್ಸು ಹೆಚ್ಚಾಗಲ್ಲ, ನ್ಯುಮೋನಿಯಾನೂ ತಪ್ಪಲ್ಲ, ಕಾಳಜಿಯಿಂದ ಕೈಯಾರೆ ತುತ್ತು ತಿನ್ನಿಸೋದೇ ಒಳ್ಳೇದು ಅಂತ ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ 2014ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆದ್ರೆ ಊಟನೇ ಹಾಕದೆ ಕಳಿಸಿದ್ರು ಅನ್ನೋ ಮಾತು ಬರತ್ತೆ ಅಂತ ಮನೆಯೋರಿಗೆ ಭಯ, ಅದನ್ನ ಕೂರಿಸಿ ಮಾತಾಡೋಕೆ ಟೈಮಿಲ್ಲ ಅಂತ ಡಾಕ್ಟರಿಗೆ ಅವಸರ, ಇಬ್ಬರಿಗೂ ಟ್ಯೂಬ್ ಹಾಕೋದೇ ಸುಲಭದ ದಾರಿ. ಹಾಗಾಗಿ ಟ್ಯೂಬ್ ಟ್ರೈನಿಂಗ್ ಅಂತ ಯಾರಾದ್ರೂ ಸಿಲಬಸ್ ಮಾಡೋಕೆ ಕೂತ್ರೆ ಮನೆಯೋರ ಜೊತೆ ಕೂತು ಮಾಡೋ ಈ ಅರ್ಧ ಗಂಟೆಯ ಮಾತನ್ನೂ, ನುಂಗೋ ಪರೀಕ್ಷೆಗೆ ಬರೆದು ಕೊಡೋ ಆ ತಾರೀಖನ್ನೂ ಅದ್ರಲ್ಲೇ ಸೇರಿಸ್ಬೇಕು, ಅವೆರಡೂ ಡಾಕ್ಟರುಗಳ ಪಾಲಿನ ಟ್ರೈನಿಂಗು.